ಎರಡನೇ ತೂಕ

ಮಗುವಿನ ಎಡಗೈಯ ಕಿರುಬೆರಳಲ್ಲಿ, ಉಗುರಿನ ಸಂದಿಗೆ, ನೇರಳೆ ಶಾಯಿ ಇನ್ನೂ ಅಂಟಿಕೊಂಡಿತ್ತು. ಯಾರೋ ಬೂದಿ ಹಚ್ಚಿ ಪಾತ್ರೆ ತಿಕ್ಕಿದ ಹಾಗೆ ಆ ಬೆರಳನ್ನು ತಿಕ್ಕಿದ್ದರು. ಚರ್ಮ ಕೆಂಪಗಾಗಿತ್ತೇ ಹೊರತು ಶಾಯಿಯ ಗೆರೆ ಹೋಗಿರಲಿಲ್ಲ. ಅದು ತಿಂಗಳ ತೂಕದ ದಿನ; ಬಾಯಿಗೆ ಮದ್ದಿನ ಹನಿ ಹಾಕಲು ಮಗುವಿನ ಗಲ್ಲ ಹಿಡಿದಿದ್ದ ತೂಕದಮ್ಮ ಸೀಸೆಯನ್ನು ಹಾಗೇ ಮೇಲೆತ್ತಿ ಹಿಡಿದಳು. ಹನಿ ಹಾಕಿಸಿಕೊಂಡ ಮಗುವಿಗೆ ಶಾಯಿಯ ಗುರುತು ಮಾಡಬೇಕೆಂದು ಆರೋಗ್ಯ ಆಫೀಸಿನವರು ಈ ತಿಂಗಳಷ್ಟೇ ಹೊಸದಾಗಿ ಹೇಳಿದ್ದರು. ಹಾಗಾಗಿ ಇವತ್ತು ಅವಳು ಹಚ್ಚಿದ ಶಾಯಿ ಬಿಟ್ಟರೆ ಆ ಊರಿನಲ್ಲಿ ಬೇರೆ ನೇರಳೆ ಶಾಯಿಯೇ ಇರಲಿಲ್ಲ.

"ಇವಳಿಗೆ ಆಗ್ಲೇ ಹಾಕಿದ್ದೀನಲ್ಲ?" ಎಂದಳು.

ಮಗುವನ್ನು ಹೊತ್ತು ನಿಂತಿದ್ದವಳು ಬುಟ್ಟಿ ಹೆಣೆಯುವವರ ಮನೆಯ ಚಿಕ್ಕ ಸೊಸೆ. ಮಗುವಿನ ತಲೆಯ ಮೇಲಿದ್ದ ಕೆಂಪು ಉಣ್ಣೆಯ ಕುಲಾವಿಯನ್ನು ಕಿವಿಯ ಕೆಳಗೆ ಎಳೆದಳು, ಮತ್ತೆ ಎಳೆದಳು. ಹಿಂದೆ ಸಾಲಿನಲ್ಲಿದ್ದ ಹೆಂಗಸರ ಮಾತು ಒಮ್ಮೆಲೇ ನಿಂತಿತು. ಈ ಊರಿನ ಹೆಂಗಸರು ಬಾಯಿ ಮುಚ್ಚಿಕೊಂಡು ನಿಂತದ್ದನ್ನು ತೂಕದಮ್ಮ ಎಂಟು ತಿಂಗಳಲ್ಲಿ ಒಂದು ದಿನವೂ ಕಂಡಿರಲಿಲ್ಲ. ಮೇಜಿನ ಮೇಲಿದ್ದ ಕಾರ್ಡು ನೋಡಿದಳು. ಹದಿನಾಲ್ಕು ತಿಂಗಳ ಹೆಣ್ಣುಮಗು, ಹೋದ ತಿಂಗಳ ತೂಕ ಒಂಬತ್ತು ಕೆಜಿ ನೂರು ಗ್ರಾಂ, ಹಸಿರು. ಆಮೇಲೆ ಮುಖ ನೋಡಿದಳು. ದುಂಡು ಕೆನ್ನೆ, ಜೊಲ್ಲು, ಕೆಳಗೆ ಎರಡು ಹಲ್ಲು. ಇದೇ ಮುಖವನ್ನು ಗಂಟೆಯ ಹಿಂದೆ ಹಳದಿ ಕುಲಾವಿಯಲ್ಲಿ, ಇದೇ ಮನೆಯ ದೊಡ್ಡ ಸೊಸೆಯ ಸೊಂಟದ ಮೇಲೆ ಕಂಡಿದ್ದಳು.

ದೊಡ್ಡ ಸೊಸೆ ಸಾಲನ್ನು ಸೀಳಿಕೊಂಡು ಬಂದಳು. ಹಳದಿ ಕುಲಾವಿ ಅವಳ ಮುಷ್ಟಿಯಲ್ಲಿತ್ತು. "ಅದು ನನ್ನ ಮಗು," ಎಂದಳು. "ಅವಳನ್ನ ಏನೂ ಅನ್ಬೇಡಿ. ಕೊಟ್ಟವಳು ನಾನು."

"ಇವಳ ಮಗು ಎಲ್ಲಿ?"

"ಮನೇಲಿದೆ."

"ಎಷ್ಟು ತಿಂಗಳಿಂದ ಹೀಗೆ ಮಾಡ್ತಿದ್ದೀರಿ?"

ದೊಡ್ಡ ಸೊಸೆ ಬೆರಳು ಮಡಚಿ ಎಣಿಸಲು ಹೋಗಿ ಬಿಟ್ಟುಬಿಟ್ಟಳು. "ಇವತ್ತೂ ಸೇರಿದ್ರೆ ನಾಲ್ಕು," ಎಂದಳು. ಮಗುವಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ. ತೊಲೆಗೆ ನೇತುಹಾಕಿದ್ದ ತಕ್ಕಡಿಯ ಜೋಳಿಗೆಯನ್ನು ನೋಡಿ ಕೈ ಚಾಚುತ್ತಿತ್ತು. ಅರುವತ್ತೇಳು ಮಕ್ಕಳಲ್ಲಿ ಅರುವತ್ತೈದು ಜೋಳಿಗೆ ಕಂಡರೆ ಊರು ಕಿತ್ತುಹೋಗುವ ಹಾಗೆ ಅಳುತ್ತಿದ್ದವು. ಅಳದಿದ್ದವು ಎರಡೇ, ಎರಡೂ ಬುಟ್ಟಿಯವರ ಮನೆಯವು. 'ಒಂದೇ ಮನೆಯ ರಕ್ತ ನೋಡಿ, ಗುಣ ಹೇಗೆ ಬಂದಿದೆ!' ಎಂದು ತೂಕದಮ್ಮನೇ ಹೋದ ತಿಂಗಳು ತಮಾಷೆ ಮಾಡಿದ್ದಳು. ಹೆಂಗಸರೆಲ್ಲ ನಕ್ಕಿದ್ದರು. ಯಾಕೆ ನಕ್ಕರೆಂದು ಈಗ ತಿಳಿಯಿತು.

ಅವಳ ಹೆಸರು ಈ ಊರಿನವರ ನಾಲಿಗೆಗೆ ಹೊರಳುತ್ತಿರಲಿಲ್ಲ, ಅದಕ್ಕೇ ತೂಕದಮ್ಮ. ಕಡಲಾಚೆಯ ತನ್ನ ದೇಶದಲ್ಲಿ ಅವಳು ನರ್ಸೂ ಅಲ್ಲ, ಡಾಕ್ಟರೂ ಅಲ್ಲ. ಹನ್ನೊಂದು ವರ್ಷ ಒಂದನೇ ತರಗತಿಗೆ ಪಾಠ ಹೇಳಿದ ಟೀಚರು. ಆರು ವಾರದ ತರಬೇತಿ ಮುಗಿಸಿ, ಎರಡು ವರ್ಷಕ್ಕೆಂದು ಆರೋಗ್ಯ ಸ್ವಯಂಸೇವಕಿಯಾಗಿ ಹೊರಟು ನಿಂತಾಗ ಅವಳ ತಾಯಿ, "ಹಿತ್ತಲ ಗಿಡ ಮದ್ದಲ್ಲ ಅಂತ ಜನ ಅಂದುಕೊಳ್ಳೋದು ಸರಿ, ಗಿಡವೇ ಹಾಗಂದುಕೊಂಡು ಬೇಲಿ ಹಾರಿದ್ರೆ ಹೇಗೆ?" ಎಂದಿದ್ದರು. ಇಲ್ಲಿಗೆ ಬಂದ ಮೊದಲ ವಾರ, ತನಗೆ ಮನೆಯಲ್ಲಿ ಜಾಗ ಕೊಟ್ಟಿದ್ದ ಸೂಲಗಿತ್ತಿ ಅಜ್ಜಿಯ ಹತ್ತಿರ, ಮಕ್ಕಳೆಲ್ಲ ಒಂದೇ ಥರ ಕಾಣುತ್ತವೆ ಎಂದು ಅಲವತ್ತುಕೊಂಡಳು. ಅಜ್ಜಿ ಬಿದ್ದು ಬಿದ್ದು ನಕ್ಕಳು. ಊರಿನವರಿಗೂ ಈ ಸ್ವಯಂಸೇವಕಿಯರೆಲ್ಲ ಹಾಗೇ ಅಂತೆ. ಹೋದ ವರ್ಷ ಇದ್ದು ಹೋದ ಸ್ವಯಂಸೇವಕಿಗೂ ಇವಳಿಗೂ ವ್ಯತ್ಯಾಸ ತಿಳಿಯದೆ, ಒಬ್ಬ ಮುದುಕ ಇವಳನ್ನು ಬಾವಿಕಟ್ಟೆಯ ಹತ್ತಿರ ಅಡ್ಡಗಟ್ಟಿ, ಕನ್ನಡಕ ತರುತ್ತೇನೆ ಅಂದಿದ್ದೆಯಲ್ಲ, ಎಲ್ಲಿ, ಎಂದು ಜಗಳ ತೆಗೆದಿದ್ದ. ಆಗ ಅದು ನಗುವ ವಿಷಯವಾಗಿತ್ತು.

ಬೋರ್ಡು ಮಾಡಿದ್ದೂ ಟೀಚರ ಬುದ್ಧಿಯೇ. ಆರೋಗ್ಯ ಕೇಂದ್ರದ ಹೊರಗೋಡೆಯ ಮೇಲೆ, ಬಾವಿಗೆ ಬರುವವರಿಗೆಲ್ಲ ಕಾಣುವ ಹಾಗೆ, ದೊಡ್ಡ ರಟ್ಟು. ಅದರಲ್ಲಿ ಪ್ರತಿ ಮನೆಗೊಂದು ಚೌಕ, ಪ್ರತಿ ಮಗುವಿಗೊಂದು ಚುಕ್ಕಿ. ತೂಕ ಸರಿಯಿದ್ದರೆ ಹಸಿರು, ಕಡಿಮೆಯಿದ್ದರೆ ಹಳದಿ, ತೀರಾ ಕಡಿಮೆಯಿದ್ದರೆ ಕೆಂಪು. ಚುಕ್ಕಿ ಮೇಲಕ್ಕೇರಿದರೆ ಎಲ್ಲರೂ ಚಪ್ಪಾಳೆ ತಟ್ಟಬೇಕು, ತಾಯಿಗೆ ಒಂದು ಸೋಪು ಬಹುಮಾನ. ಶಾಲೆಯಲ್ಲಿ ಇದು ಹನ್ನೊಂದು ವರ್ಷ ಚೆನ್ನಾಗಿ ನಡೆದಿತ್ತು. ಮೊದಲ ತಿಂಗಳು ಐದು ಕೆಂಪು ಬಿದ್ದವು, ನಾಲ್ಕನೇ ತಿಂಗಳಿಗೆ ಒಂದು ಉಳಿಯಿತು. ಆ ಒಂದು ಬುಟ್ಟಿಯವರ ಮನೆಯ ಚೌಕದಲ್ಲಿತ್ತು. ಅದರ ಮರುತಿಂಗಳು ಅದೂ ಹೋಯಿತು. ಕೆಂಪಿನಿಂದ ಸೀದಾ ಹಸಿರು! ಒಂದೇ ತಿಂಗಳಲ್ಲಿ ಮಗು ಅಷ್ಟು ತೂಕ ಏರುತ್ತದೆಯೇ ಎಂದು ಒಂದು ಗಳಿಗೆ ಅನ್ನಿಸಿತ್ತು. ಆದರೆ ಅನುಮಾನಕ್ಕಿಂತ ಖುಷಿ ಹೆಚ್ಚಿತ್ತು. ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದ್ದಳು.

ಈಗ ಹನಿಯ ಸೀಸೆಯನ್ನು ಪಕ್ಕದಲ್ಲಿದ್ದ ಅಜ್ಜಿಯ ಕೈಗೆ ಕೊಟ್ಟು, ತೂಕದಮ್ಮ ಚಿಕ್ಕ ಸೊಸೆಯ ಮುಂದೆ ಮುಂದೆ ಓಡುನಡಿಗೆಯಲ್ಲಿ ಬುಟ್ಟಿಯವರ ಮನೆಗೆ ಹೋದಳು. ಗಂಡಸರು ಬುಟ್ಟಿ ಮಾರಲು ಹೋದವರು ಇನ್ನೂ ನಾಲ್ಕು ದಿನ ಬರುವವರಲ್ಲ. ಅಂಗಳದಲ್ಲಿ ಬಿದಿರು ಸೀಳುತ್ತಿದ್ದ ಅತ್ತೆ ಕತ್ತಿ ಕೆಳಗಿಡದೆಯೇ, "ಏನಂತೆ?" ಎಂದಳು. ಇಬ್ಬರೂ ಅವಳನ್ನು ದಾಟಿಕೊಂಡು ಹೋದರು. ಒಳಗೆ, ಬಾಗಿಲಿಗೆ ಬೆನ್ನು ಮಾಡಿದ ಮೂಲೆಯಲ್ಲಿ, ಹೊಸದಾಗಿ ಹೆಣೆದ ಅಗಲದ ಬುಟ್ಟಿಯೊಳಗೆ ಮಗು ಮಲಗಿತ್ತು. ಕಣ್ಣು ತೆರೆದೇ ಇತ್ತು. ಬೆಳಕು ಅಡ್ಡವಾದಾಗಲೂ ಅದು ತಿರುಗಿ ನೋಡಲಿಲ್ಲ. ತಲೆಗೂದಲು ಬಣ್ಣಗೆಟ್ಟು ಜೋಳದ ಕೂದಲಿನ ಹಾಗಾಗಿತ್ತು, ತೋಳು ತೂಕದಮ್ಮನ ಹೆಬ್ಬೆರಳಿನಷ್ಟು ದಪ್ಪ. ಪಾದ ಮಾತ್ರ ದುಂಡಗೆ ತುಂಬಿಕೊಂಡಿದ್ದವು.

"ಕಾಲು ಮೈ ಹಿಡೀತಾ ಇದೆ," ಎಂದಳು ಬಾಗಿಲಲ್ಲಿ ನಿಂತ ಅತ್ತೆ. "ಮೇಲಿನದೂ ಹಿಡಿಯುತ್ತೆ."

ತೂಕದಮ್ಮ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. ಒತ್ತಿದ ಕಡೆ ಗುಳಿ ಬಿದ್ದು ಹಾಗೇ ಉಳಿಯಿತು. ಅದು ಮೈಯಲ್ಲ, ನೀರು. ತರಬೇತಿಯ ಪುಸ್ತಕದಲ್ಲಿ ಈ ಗುಳಿಯ ಫೋಟೋ ಇತ್ತು, ಕೆಳಗೆ ದಪ್ಪ ಅಕ್ಷರದಲ್ಲಿ 'ತಕ್ಷಣ ಆಸ್ಪತ್ರೆಗೆ' ಎಂದಿತ್ತು. ಅವಳು ತಲೆ ಎತ್ತಿದಾಗ ಎದುರಿನ ಗೂಡಿನಲ್ಲಿ ಸೋಪು ಕಂಡಿತು. ಕಾಗದವನ್ನೂ ಬಿಚ್ಚಿರಲಿಲ್ಲ. ಮನೆಗೆ ಬಂದವರಿಗೆ ಕಾಣಲೆಂದು ನಿಲ್ಲಿಸಿ ಇಟ್ಟಿದ್ದರು.

ಚಿಕ್ಕ ಸೊಸೆ ಆಗ ಮೆಲ್ಲಗೆ ಎಲ್ಲ ಹೇಳಿದಳು. ಮಗುವಿಗೆ ಭೇದಿ ಹಿಡಿದು ಸೊರಗಿತು, ಅಷ್ಟರಲ್ಲಿ ಹೊಟ್ಟೆಯಲ್ಲಿ ಇನ್ನೊಂದು ನಿಂತು ಎದೆಹಾಲು ಬತ್ತಿತು, ಗಂಜಿ ಕೊಟ್ಟರೆ ಬಾಯಿ ಬಿಡಲಿಲ್ಲ. ಬಾವಿಗೆ ಹೋದರೆ, ಬೋರ್ಡು ನೋಡಿಕೊಂಡು ನೀರು ಸೇದುವವರು ಅವಳಿಗೆ ಕೆಂಪಮ್ಮ ಎಂದು ಹೆಸರಿಟ್ಟರು. ಮನೆಗೆ ಬಂದರೆ ಅತ್ತೆ, ಊರಿಗೆಲ್ಲ ನಮ್ಮ ಮನೆಯ ಮರ್ಯಾದೆ ಗೋಡೆಗೆ ಅಂಟಿಸಿದಳು ಎನ್ನುತ್ತಿದ್ದಳು. ಓರಗಿತ್ತಿಯ ಕರುಳು ಚುರುಕ್ ಎಂದಿತು. ಒಂದು ಸಲ ಹಸಿರು ಆಗಲಿ, ಬಾಯಿಗಳು ಮುಚ್ಚಲಿ, ಅಷ್ಟರಲ್ಲಿ ಮಗು ಸುಧಾರಿಸಿಕೊಳ್ಳುತ್ತದೆ ಎಂದು ತನ್ನ ಮಗುವಿಗೆ ಬೇರೆ ಕುಲಾವಿ ಹಾಕಿ ಕೈಗೆ ಕೊಟ್ಟಳು. ಒಂದು ಸಲ ಹಸಿರಾದ ಮೇಲೆ ಮತ್ತೆ ಕೆಂಪು ಮಾಡಿಕೊಳ್ಳುವುದು ಹೇಗೆ?

ಕೆಂಪು ಚುಕ್ಕಿಯ ಮಕ್ಕಳಿಗೆಂದೇ ಆಫೀಸು ಶೇಂಗಾ ಪೇಸ್ಟಿನ ಪೊಟ್ಟಣ ಕಳಿಸುತ್ತಿತ್ತು, ಹಸಿರಾದವರಿಗೆ ಇಲ್ಲ. ಒಂದೊಂದು ಪೊಟ್ಟಣ ಒಂದೊಂದು ದಿನದ ಜೀವ. ಅದರ ಎರಡು ಡಬ್ಬ ಕೇಂದ್ರದ ಮೂಲೆಯಲ್ಲಿದ್ದವು. ಇದ್ದವು, ಅಷ್ಟೆ. ಇಲ್ಲಿ ಕೆಂಪು ಮಕ್ಕಳೇ ಇಲ್ಲ, ಇರುವ ಕಡೆಗೆ ಕೊಡೋಣ ಎಂದು ಹೋದ ತಿಂಗಳು ಜೀಪು ಬಂದು ಒಯ್ದಿತ್ತು, ಜೊತೆಗೆ ಒಂದು ಮೆಚ್ಚುಗೆ ಪತ್ರ ಕೊಟ್ಟಿತ್ತು. ಡಬ್ಬಗಳನ್ನು ಜೀಪಿನವರೆಗೆ ಹೊತ್ತುಕೊಂಡು ಹೋಗಿ ಕೊಟ್ಟವಳು ತೂಕದಮ್ಮನೇ.

ಊರಿನ ನೀರಿನ ಟ್ಯಾಂಕಿನ ಮೇಲೆ ಹತ್ತಿದರೆ ಮಾತ್ರ ಫೋನು ಸಿಗುತ್ತಿತ್ತು. ಅವಳು ಕಬ್ಬಿಣದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಆಫೀಸಿಗೆ ಫೋನು ಮಾಡಿದಳು. ಜೀಪು ಇನ್ನೊಂದು ದಿಕ್ಕಿಗೆ ಹೋಗಿತ್ತು, ನಾಳಿದ್ದು ಬರುತ್ತದೆ ಎಂದರು. ಸಾಹೇಬರು ರಿಜಿಸ್ಟರಿನ ಹಾಳೆ ಮಗುಚುವ ಸದ್ದು ಕೇಳಿಸಿತು.

"ನಿಮ್ಮಲ್ಲಿ ಕೆಂಪು ಸೊನ್ನೆ ಅಂತ ಇದೆಯಲ್ಲ?"

"ಸೊನ್ನೆ ಅಲ್ಲ ಸಾರ್. ಒಂದು."

"ನೀವೇ ಬರೆದು ಕಳಿಸಿದ್ದು."

"ಹೌದು, ನಾನೇ ಬರೆದದ್ದು," ಎಂದಳು. ಹೇಳುತ್ತಾ ಹೇಳುತ್ತಾ ಅಳು ಬಂತು. ಆ ಅಳುವಿಗೆ ಅವಳಿಗೇ ಸಿಟ್ಟು ಬಂತು. ಅಳುವ ಹಕ್ಕು ಈ ಊರಿನಲ್ಲಿ ಇವತ್ತು ಅವಳದಾಗಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗಾಗಿತ್ತು ಅವಳ ಗತಿ.

ಉಳಿದದ್ದು ಒಂದೇ ದಾರಿ. ಎರಡು ಗಂಟೆ ನಡೆದರೆ ಕವಲು ರಸ್ತೆ. ಅಲ್ಲಿ ಮಧ್ಯಾಹ್ನದ ಮೇಲೆ ಕಲ್ಲು ಕ್ವಾರಿಯ ಲಾರಿಗಳು ಪೇಟೆಯ ಕಡೆ ಹೋಗುತ್ತವೆ, ಪೇಟೆಯಲ್ಲಿ ಆಸ್ಪತ್ರೆಯಿದೆ. ತೂಕದಮ್ಮ ಮಗುವನ್ನು ಅಂಗಿಯೊಳಗೆ ಎದೆಗೆ ಅವುಚಿ, ಮೇಲಿಂದ ಅಜ್ಜಿಯ ಸೀರೆಯ ತುಂಡು ಸುತ್ತಿಕೊಂಡಳು. ಹಾಗೆ ಸುತ್ತಿದ್ದು ಅಜ್ಜಿಯೇ. ಚಿಕ್ಕ ಸೊಸೆ ಸಕ್ಕರೆ ನೀರಿನ ಬಾಟಲಿ, ಚಮಚ ಹಿಡಿದುಕೊಂಡಳು. ಅವಳಿಗೂ ಐದು ತಿಂಗಳ ಹೊಟ್ಟೆ. ಬರಬೇಡವೆಂದರೆ ಕೇಳಲಿಲ್ಲ.

ಬಿಸಿಲು ನೆತ್ತಿಗೆ ಬಂದಿತ್ತು. ನೂರು ಹೆಜ್ಜೆಗೊಮ್ಮೆ ನಿಂತು ಒಂದು ಚಮಚ ನೀರು ಬಾಯಿಗೆ ಬಿಡುವುದು, ಗಂಟಲು ಅಲುಗಿತೇ ಎಂದು ನೋಡುವುದು, ಮತ್ತೆ ನಡೆಯುವುದು. ಮೊದಮೊದಲು ಗಂಟಲು ಅಲುಗಿತು. ಆಮೇಲೆ ಅರ್ಧ ನೀರು ತುಟಿಯ ಅಂಚಿನಿಂದ ಹೊರಗೆ ಬಂತು. ತೂಕದಮ್ಮನ ಮೈಯೆಲ್ಲ ಬೆವರು ಹರಿಯುತ್ತಿದ್ದರೂ ಎದೆಗಂಟಿದ ಮಗು ಮಾತ್ರ ಬೆಚ್ಚಗಾಗಲಿಲ್ಲ. ಅಷ್ಟು ಹಗುರದ ಮಗುವನ್ನು ಅವಳು ಹಿಂದೆಂದೂ ಎತ್ತಿಕೊಂಡಿರಲಿಲ್ಲ. ಎಂಟು ತಿಂಗಳಿಂದ ಊರಿನ ಮಕ್ಕಳನ್ನೆಲ್ಲ ತೂಗಿದ್ದಳು, ಈ ಒಂದನ್ನು ನಾಲ್ಕು ತಿಂಗಳಿಂದ ಕಣ್ಣೆತ್ತಿ ನೋಡಿರಲಿಲ್ಲ. ಬದುಕು, ಇದೊಂದು ಸಲ ಬದುಕಿಬಿಡು, ನಾನು ಬೋರ್ಡಿಗೆ ಬೆಂಕಿ ಹಚ್ಚುತ್ತೇನೆ ಎಂದು ತನ್ನ ಭಾಷೆಯಲ್ಲೇ ಮಗುವಿನ ನೆತ್ತಿಗೆ ಹೇಳುತ್ತಾ ನಡೆದಳು.

"ನೀವು ಬೈಯಲ್ವಾ?" ಎಂದಳು ಚಿಕ್ಕ ಸೊಸೆ.

"ಯಾರನ್ನ ಬೈಲಿ?"

ಚಿಕ್ಕ ಸೊಸೆ ಸೆರಗಿನಿಂದ ಮಗುವಿನ ನೆತ್ತಿಗೆ ನೆರಳು ಮಾಡಿದಳು. "ನೀವು ಚಪ್ಪಾಳೆ ತಟ್ಟಿದ್ರಲ್ಲ, ಆವತ್ತು ಮನೇಲಿ ನನಗೆ ಒಂದು ಮಾತೂ ಬೀಳಲಿಲ್ಲ. ಅತ್ತೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಊಟ ಹಾಕಿದ್ರು. ಮದುವೆಯಾಗಿ ಬಂದ ಮೇಲೆ ಅದೇ ಮೊದಲು." ಆಮೇಲೆ, ಬಾಟಲಿಯ ಮುಚ್ಚಳ ತಿರುಗಿಸುತ್ತಾ, "ಈಗ ಬೋರ್ಡಲ್ಲಿ ಮತ್ತೆ ಕೆಂಪು ಹಾಕ್ತೀರಾ?" ಎಂದು ಕೇಳಿದಳು.

ತೂಕದಮ್ಮ ಇಲ್ಲವೆಂದು ತಲೆಯಾಡಿಸಿದಳು.

ಕವಲು ರಸ್ತೆಯಲ್ಲಿ ಮೊದಲ ಲಾರಿ ನಿಲ್ಲಲಿಲ್ಲ. ಎರಡನೆಯದೂ ನಿಲ್ಲಲಿಲ್ಲ, ಧೂಳೆಬ್ಬಿಸಿಕೊಂಡು ಹೋಯಿತು. ಮೂರನೆಯದಕ್ಕೆ ತೂಕದಮ್ಮ ರಸ್ತೆಯ ನಡುವೆ ಹೋಗಿ ನಿಂತುಬಿಟ್ಟಳು. ಬ್ರೇಕು ಕಿರುಚಿತು, ಡ್ರೈವರು ಬಾಯಿಗೆ ಬಂದದ್ದನ್ನೆಲ್ಲ ಬೈದ. ಅವಳು ಅಂಗಿಯ ಗುಂಡಿ ಬಿಚ್ಚಿ ಮಗುವಿನ ತಲೆ ತೋರಿಸಿದಳು. ಅವನು ಬೈಗುಳದ ಮಧ್ಯೆಯೇ ನಿಂತು, ಕೆಳಗಿಳಿದು, ಬಸುರಿಯ ಕೈಹಿಡಿದು ಮೇಲೆ ಹತ್ತಿಸಿದ. ಆಮೇಲೆ ದಾರಿಯುದ್ದಕ್ಕೂ, ತನಗೂ ಎರಡಿವೆ, ತನಗೂ ಎರಡಿವೆ ಎನ್ನುತ್ತಾ ಲಾರಿ ಓಡಿಸಿದ.

ಆಸ್ಪತ್ರೆಯಲ್ಲಿ ತೂಗಿದಾಗ ಮಗು ನಾಲ್ಕು ಕೆಜಿ ಒಂಬೈನೂರು ಗ್ರಾಂ ಇತ್ತು, ಅದರಲ್ಲೂ ಪಾದದ ನೀರೇ ಎಷ್ಟೋ. ಅಲ್ಲಿನ ನರ್ಸು ತುಂಬಾ ಒಳ್ಳೆಯವಳು. ಯಾರನ್ನೂ ಏನೂ ಕೇಳಲಿಲ್ಲ, ಮೂಗಿಗೆ ಸಣ್ಣ ಕೊಳವೆ ಹಾಕಿ, ಹಾಲಿನ ನೀರನ್ನು ಹನಿಹನಿಯಾಗಿ ಬಿಟ್ಟಳು, ಎರಡು ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟಳು. ಮರುದಿನ ಬೆಳಿಗ್ಗೆ ಮಗು ಒಂದು ಸಲ ತಾಯಿಯ ಕಡೆ ಕಣ್ಣು ತಿರುಗಿಸಿತು. ತೂಕದಮ್ಮ ಕಾರಿಡಾರಿಗೆ ಓಡಿಹೋಗಿ, ಮುಖ ನೋಡಿತು, ಮುಖ ನೋಡಿತು ಎಂದು ನರ್ಸನ್ನು ಕರೆದುಕೊಂಡು ಬಂದಳು. ಮಧ್ಯಾಹ್ನದ ಊಟದ ಗಾಡಿ ವಾರ್ಡಿಗೆ ಬರುವ ಹೊತ್ತಿಗೆ ಮಗು ತೀರಿಕೊಂಡಿತು.

ಊರಿಗೆ ಮರಳಿದ ಮೇಲೆ ಅವಳು ಮಾಡಿದ ಮೊದಲ ಕೆಲಸ ಬೋರ್ಡನ್ನು ಕಿತ್ತದ್ದು. ಮೊಳೆ ಗಟ್ಟಿಯಾಗಿದ್ದವು, ಹೊಡೆದವಳು ಅವಳೇ ತಾನೆ. ಕೈ ಗೀರಿ ರಕ್ತ ಬಂತು. ಬಾವಿಕಟ್ಟೆಯ ಹೆಂಗಸರು ನೀರು ಸೇದುವುದನ್ನು ನಿಲ್ಲಿಸಿ ನೋಡಿದರು. ಸಹಾಯಕ್ಕೂ ಬರಲಿಲ್ಲ, ಬೇಡವೆಂದೂ ಅನ್ನಲಿಲ್ಲ. ರಟ್ಟನ್ನು ಅಜ್ಜಿಯ ಒಲೆಗೆ ತುರುಕಿ, ಬಟ್ಟೆ ಮಡಚಿ ಚೀಲಕ್ಕೆ ತುಂಬತೊಡಗಿದಳು. ಅಜ್ಜಿ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು. ಆ ಮಗುವನ್ನು ಭೂಮಿಗೆ ಬೀಳುವಾಗ ಮೊದಲು ಹಿಡಿದ ಕೈ ಅಜ್ಜಿಯದು.

"ನಿಮಗೆ ಗೊತ್ತಿತ್ತಾ, ಅಜ್ಜಿ?" ಎಂದು ಕೇಳಿದಳು.

"ಊರಿಗೆಲ್ಲ ಗೊತ್ತಿತ್ತು."

"ನನಗೆ ಯಾಕೆ ಹೇಳಲಿಲ್ಲ?"

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀನು ಅಷ್ಟು ಖುಷಿಯಾಗಿದ್ದೆಯಲ್ಲ, ಮಗಳೇ," ಎಂದಳು.

ತೂಕದಮ್ಮ ಚೀಲದ ಮೇಲೆಯೇ ಕೂತಳು. ಅಜ್ಜಿ ಸಮಾಧಾನ ಮಾಡಲು ಹೋಗಲಿಲ್ಲ. ಬೋರ್ಡು ಬಾವಿಯ ಎದುರು ಇಟ್ಟವಳು ನೀನು, ಬಾವಿಕಟ್ಟೆಯಲ್ಲಿ ಅವಳಿಗೆ ಹೆಸರಿಟ್ಟು ನಕ್ಕವರು ನಾವು, ಪಾಲು ಎಲ್ಲರಿಗೂ ಇದೆ ಎಂದಳು. ಓಡಿಹೋದರೆ ನಿನಗೆ ಹಗುರವಾಗಬಹುದು, ಇನ್ನು ಅರುವತ್ತಾರು ಮಕ್ಕಳನ್ನು ತೂಗುವವರು ಯಾರು ಎಂದೂ ಕೇಳಿದಳು. ಹೇಳಿ, ಒಲೆಯೊಳಗೆ ಅರ್ಧ ಉರಿದು ನಿಂತಿದ್ದ ರಟ್ಟನ್ನು ಕೋಲಿನಿಂದ ಒಳಕ್ಕೆ ತಳ್ಳಿದಳು. ಚೀಲ ಹಾಗೇ ಅರ್ಧ ತುಂಬಿ ಒಂದು ವಾರ ಕೋಣೆಯ ನಡುವೆ ಬಿದ್ದಿತ್ತು. ಅವಳು ಅದನ್ನು ದಾಟಿ ದಾಟಿ ಓಡಾಡಿದಳು.

ಮುಂದಿನ ತೂಕದ ದಿನ ತಕ್ಕಡಿಯನ್ನು ಒಳಕೋಣೆಯ ತೊಲೆಗೆ ಕಟ್ಟಿದಳು. ಬಾಗಿಲು ಮುಂದೆ ಮಾಡಿ ಒಂದೊಂದೇ ಮನೆಯವರನ್ನು ಕರೆದಳು. ಪ್ರತಿ ಮಗುವಿನ ಕುಲಾವಿ ತೆಗೆದು, ಮುಖವನ್ನು ಬೆಳಕಿಗೆ ತಿರುಗಿಸಿ, ಹೆಸರು ಹಿಡಿದು ಕೂಗಿ, ಮಗು ತಿರುಗಿ ನೋಡುವವರೆಗೂ ಕಾಯುತ್ತಿದ್ದಳು. ತೂಕವನ್ನು ಗಟ್ಟಿಯಾಗಿ ಹೇಳಲಿಲ್ಲ, ತಾಯಿಗೆ ಮಾತ್ರ ಕಾರ್ಡು ತೋರಿಸಿದಳು. ಜನ ಬರುವುದಿಲ್ಲ ಅಂದುಕೊಂಡಿದ್ದಳು, ಬಂದರು. ಚಪ್ಪಾಳೆ ಇರಲಿಲ್ಲ, ಮಾತೂ ಕಡಿಮೆ. ಇಬ್ಬರು ತಾಯಂದಿರ ಮಕ್ಕಳು ಮೊದಲಿಗಿಂತ ಇಳಿದಿದ್ದವು. ಆ ಇಬ್ಬರೂ ಕಾರ್ಡನ್ನು ನೋಡಿ, ಅವಳನ್ನು ನೋಡಿ, ಏನು ಮಾಡಬೇಕೆಂದು ಕೇಳಿ ಹೋದರು.

ಬುಟ್ಟಿಯವರ ಮನೆಯವರು ಕೊನೆಗೆ ಬಂದರು. ದೊಡ್ಡ ಸೊಸೆಯ ಸೊಂಟದ ಮೇಲೆ ಹಳದಿ ಕುಲಾವಿಯ ಮಗು. ಹಿಂದೆ, ಗೋಡೆಗೆ ಒತ್ತಿಕೊಂಡು, ಚಿಕ್ಕ ಸೊಸೆ. ಅವಳು ಬರಬೇಕಾದ ಕೆಲಸವೇನೂ ಇರಲಿಲ್ಲ, ಆದರೂ ಬಂದಿದ್ದಳು. ತೂಕದಮ್ಮ ಮಗುವನ್ನು ಜೋಳಿಗೆಯಲ್ಲಿ ಕೂರಿಸಿದಳು. ಅದು ಎಂದಿನಂತೆ ಅಳಲಿಲ್ಲ, ಕಾಲು ಆಡಿಸಿತು. ಒಂಬತ್ತು ಕೆಜಿ ಏಳುನೂರು. ಬರೆದುಕೊಂಡು, ಮಗುವನ್ನು ಇಳಿಸಿ ಚಾಪೆಯ ಮೇಲೆ ನಿಲ್ಲಿಸಿದಳು. ದೊಡ್ಡ ಸೊಸೆ ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಬಾ, ಹೋಗೋಣ," ಎಂದು ಕೈ ಚಾಚಿದಳು.

ಮಗು ಹೋಗಲಿಲ್ಲ. ಮೇಜಿನ ಕಾಲು ಹಿಡಿದು ನಿಂತು, ಇನ್ನೊಂದು ಕೈಯಿಂದ ಹಳದಿ ಕುಲಾವಿಯನ್ನು ತಾನೇ ಕಿತ್ತು ಚಾಪೆಯ ಮೇಲೆ ಹಾಕಿತು. ಆಮೇಲೆ ಬರಿದಲೆಯಲ್ಲಿ, ತಟ್ಟಾಡುತ್ತಾ, ಗೋಡೆಯ ಹತ್ತಿರವಿದ್ದ ಚಿಕ್ಕಮ್ಮನ ಬಳಿಗೆ ಹೋಗಿ ಎರಡೂ ತೋಳು ಮೇಲೆತ್ತಿ ನಿಂತಿತು.

ತೊಲೆಯ ಕೆಳಗೆ ಖಾಲಿ ಜೋಳಿಗೆ ಇನ್ನೂ ಸಣ್ಣಗೆ ತೂಗುತ್ತಿತ್ತು. ಮಗು ಒಮ್ಮೆ ಅದನ್ನು ನೋಡಿತು, ಒಮ್ಮೆ ಚಿಕ್ಕಮ್ಮನನ್ನು ನೋಡಿತು, ಮತ್ತೆ, ಕೆಂಪು ಕುಲಾವಿ ಹಾಕಿಸಿಕೊಳ್ಳುವ ಹಾಗೆ, ತಲೆಯನ್ನು ಮುಂದಕ್ಕೆ ಬಾಗಿಸಿ ಕಾಯತೊಡಗಿತು.